ಬಾಕ್ಸ್ ಎಂಬುದು ಅಳತೆಯಲ್ಲ

ಪ್ರತಿ ಹೊಸ ವರ್ಷದ ಮರುದಿನ ನಮ್ಮ ಸುದ್ದಿಮನೆಗಳು ಒಂದು ಲೆಕ್ಕ ಕೊಡುತ್ತವೆ: ರಾಜ್ಯದಲ್ಲಿ ಇಷ್ಟು ಲಕ್ಷ ಬಾಕ್ಸ್ ಮದ್ಯ, ಇಷ್ಟು ಲಕ್ಷ ಬಾಕ್ಸ್ ಬಿಯರ್ ಮಾರಾಟವಾಯಿತು. ಓದಿದವರು ಹೌಹಾರುತ್ತಾರೆ, ಇಲ್ಲವೇ ನಗುತ್ತಾರೆ. ಬಾಕ್ಸ್ ಎಂದರೆ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ. ಬಾಕ್ಸ್ ಎಂಬುದು ಸಾಗಿಸಲು ಬೇಕಾದ ರಟ್ಟಿನ ಪೆಟ್ಟಿಗೆ. ಅದು ಅಳತೆಯಲ್ಲ.

ಲೆಕ್ಕ ಹಾಕಿ ನೋಡಿ. 180 ಮಿ.ಲೀ.ನ 48 ಕ್ವಾರ್ಟರ್‌ಗಳ ಬಾಕ್ಸಿನಲ್ಲಿ 8.64 ಲೀಟರ್. 650 ಮಿ.ಲೀ.ನ 12 ಬಿಯರ್ ಬಾಟಲಿಗಳ ಬಾಕ್ಸಿನಲ್ಲಿ 7.8 ಲೀಟರ್. 750 ಮಿ.ಲೀ.ನ 12 ವೈನ್ ಬಾಟಲಿಗಳ ಬಾಕ್ಸಿನಲ್ಲಿ 9 ಲೀಟರ್. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಆದರೆ ಒಳಗಿರುವ ಆಲ್ಕೋಹಾಲನ್ನು ಎಣಿಸಿದರೆ ಚಿತ್ರವೇ ಬದಲಾಗುತ್ತದೆ. ಒಂದು ಲಕ್ಷ ಬಾಕ್ಸ್ ಬಿಯರ್, ಶೇ 5ರ ಲೆಕ್ಕದಲ್ಲಿ, 39 ಸಾವಿರ ಲೀಟರ್ ಆಲ್ಕೋಹಾಲ್. ಒಂದು ಲಕ್ಷ ಬಾಕ್ಸ್ ವೈನ್, ಶೇ 12ರಂತೆ, 1.08 ಲಕ್ಷ ಲೀಟರ್. ಒಂದು ಲಕ್ಷ ಬಾಕ್ಸ್ ರಮ್ಮು, ಶೇ 42.8ರಂತೆ, ಸುಮಾರು 3.7 ಲಕ್ಷ ಲೀಟರ್. ಮೂರಕ್ಕೂ ಸುದ್ದಿಯಲ್ಲಿ ಒಂದೇ ಮಾತು: ‘ಒಂದು ಲಕ್ಷ ಬಾಕ್ಸ್’. ಕುಡಿತದ ಬಗ್ಗೆ ಇಷ್ಟು ವಾದ ಮಾಡುವ ಸಮಾಜ ಇಂಥ ಲೆಕ್ಕವನ್ನು ಒಪ್ಪಿಕೊಂಡು ಕೂತಿದೆ.

ಇಲಾಖೆಯ ಕಡತದಲ್ಲಿ ‘ಬಲ್ಕ್ ಲೀಟರ್’ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದು ದ್ರವದ ಗಾತ್ರವನ್ನಷ್ಟೇ ಹೇಳುತ್ತದೆ. ಒಂದು ಲೀಟರ್ ವೈನೂ ಒಂದು ಲೀಟರ್ ರಮ್ಮೂ ಅದರ ಕಣ್ಣಿಗೆ ಸಮ. ಇನ್ನು ಆ 42.8 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಎಲ್ಲಿಂದ? ಬ್ರಿಟಿಷರ ‘ಪ್ರೂಫ್’ ಲೆಕ್ಕದಿಂದ. ಅವರ ನೂರು ಪ್ರೂಫ್ ಎಂದರೆ ಶೇ 57.1; ಅದರ ಮುಕ್ಕಾಲು ಭಾಗ 42.8. ಬ್ರಿಟಿಷರು ಹೋದರು, ಅವರ ಅಳತೆ ದಶಮಾಂಶದ ಅಂಗಿ ತೊಟ್ಟು ಲೇಬಲ್ಲಿನ ಮೇಲೆ ಉಳಿದುಕೊಂಡಿತು.

ಇಲ್ಲಿ ಸಾಹಿತ್ಯಾಸಕ್ತರ ಒಂದು ಚಾಳಿಯನ್ನೂ ಹೇಳಬೇಕು. ಸೇರು, ಬಳ್ಳ, ಕೊಳಗ, ಖಂಡುಗ ಎಂದೊಡನೆ ನಮಗೆ ಮಣ್ಣಿನ ವಾಸನೆ ಬರುತ್ತದೆ. ಲೀಟರ್ ಎಂದರೆ ಪರಕೀಯ, ಯಾಂತ್ರಿಕ. ಆದರೆ ಮೆಟ್ರಿಕ್ ಪದ್ಧತಿ ನಮ್ಮ ಮೇಲೆ ಬ್ರಿಟಿಷರು ಹೇರಿದ್ದಲ್ಲ. ಸ್ವತಂತ್ರ ಭಾರತ 1956ರಲ್ಲಿ ಕಾಯ್ದೆ ಮಾಡಿ, 1958ರಿಂದ ಹಂತ ಹಂತವಾಗಿ ತಂದದ್ದು. ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ; ಗೇಣಿ ಅಳೆಯುವಾಗ ಕೊಳಗ ಯಾರ ಕೈಯಲ್ಲಿತ್ತೋ ನ್ಯಾಯವೂ ಅವರದೇ. ಎಲ್ಲರಿಗೂ ಒಂದೇ ಅಳತೆ ಎಂಬುದು ಪ್ರಜಾಪ್ರಭುತ್ವದ ಮಾತು. ಬಾಕ್ಸಿನ ಲೆಕ್ಕ ನಮ್ಮನ್ನು ಮತ್ತೆ ಕೊಳಗದ ಕಾಲಕ್ಕೆ ಒಯ್ಯುತ್ತದೆ.

ಇದರಿಂದ ಮರೆಯಾಗುವವನು ರೈತ. ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ದೇವನಹಳ್ಳಿ ಕಡೆ ಹೋದರೆ ದ್ರಾಕ್ಷಿ ಸೀಮೆ. ಬೆಂಗಳೂರು ಬ್ಲೂ ಎಂಬ ನಮ್ಮದೇ ದ್ರಾಕ್ಷಿಗೆ ಜಿಐ ಮಾನ್ಯತೆಯೂ ಇದೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನರಿ ಇದೆ. 2007ರಲ್ಲಿ ದ್ರಾಕ್ಷಾರಸ ನೀತಿ ಬಂತು, ವೈನ್ ಮಂಡಳಿ ಬಂತು. ಎಲ್ಲವೂ ರೈತನ ಹೆಸರಿನಲ್ಲಿ. ರೈತ ಮಾರುವುದು ಕಿಲೋದಲ್ಲಿ, ತೆರಿಗೆ ಬಲ್ಕ್ ಲೀಟರಿನಲ್ಲಿ, ಸುದ್ದಿ ಬಾಕ್ಸಿನಲ್ಲಿ, ಕೊಳ್ಳುವುದು ಬಾಟಲಿಯಲ್ಲಿ. ಈ ನಾಲ್ಕನ್ನೂ ಜೋಡಿಸಿ ತೋರಿಸುವವರಿಲ್ಲ. ಜೋಡಿಸುವುದೇನೂ ಬ್ರಹ್ಮವಿದ್ಯೆಯಲ್ಲ. ಒಂದು ಟನ್ ದ್ರಾಕ್ಷಿಗೆ ಸಾಮಾನ್ಯವಾಗಿ 600ರಿಂದ 700 ಲೀಟರ್ ವೈನ್. ಅಂದರೆ ಒಂದು ಬಾಟಲಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು. ರೈತನಿಗೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಬಾಟಲಿಯ ಮೇಲೆ ಬೀಳುವ ಹೊರೆ ಹನ್ನೊಂದು ಹನ್ನೆರಡು ರೂಪಾಯಿ. ಈ ಒಂದು ಸಾಲಿನ ಲೆಕ್ಕ ಜನಕ್ಕೆ ಗೊತ್ತಾದರೆ ಬೆಲೆಯ ಚರ್ಚೆ ಬೇರೆಯೇ ಆಗುತ್ತದೆ.

ಶಾಲೆಯಲ್ಲಿ ಕಿಲೋಲೀಟರ್, ಹೆಕ್ಟೋಲೀಟರ್, ಡೆಕಾಲೀಟರ್ ಎಂದು ಬಾಯಿಪಾಠ ಮಾಡಿದ್ದೇವೆ. ಹೆಕ್ಟೋಲೀಟರ್ ಎಂದರೆ ನೂರು ಲೀಟರ್. ಪರೀಕ್ಷೆ ಮುಗಿದ ಮೇಲೆ ಅದನ್ನು ಮತ್ತೆ ಕಂಡವರು ಕಡಿಮೆ. ಜಗತ್ತಿನ ವೈನ್ ಎಣಿಸುವುದು ಅದರಲ್ಲೇ: 2023ರ ಉತ್ಪಾದನೆ ಸುಮಾರು 23.7 ಕೋಟಿ ಹೆಕ್ಟೋಲೀಟರ್. ಫ್ರಾನ್ಸಿನಲ್ಲಿ ಹೆಸರುವಾಸಿ ಸೀಮೆಯ ವೈನಿಗೆ ಹೆಕ್ಟೇರಿಗೆ ಇಷ್ಟೇ ಹೆಕ್ಟೋಲೀಟರ್ ಎಂದು ಕಾನೂನೇ ಮಿತಿ ಹಾಕುತ್ತದೆ. ಆ ಅಳತೆಯಲ್ಲಿ ಹೊಲವೂ ಇದೆ, ವೈನೂ ಇದೆ. ನಮ್ಮ ಬಾಕ್ಸಿನಲ್ಲಿ ಹೊಲವೂ ಇಲ್ಲ, ಆಲ್ಕೋಹಾಲೂ ಇಲ್ಲ.

ಕೇಳಬೇಕಾದದ್ದು ಮೂರೇ ಸಂಖ್ಯೆ: ಯಾವ ತಾಲ್ಲೂಕಿನಿಂದ ಎಷ್ಟು ಟನ್ ದ್ರಾಕ್ಷಿ, ಅದರಿಂದ ಎಷ್ಟು ಲೀಟರ್ ವೈನ್, ಅದರಲ್ಲಿ ಎಷ್ಟು ಲೀಟರ್ ಆಲ್ಕೋಹಾಲ್. ಸರ್ಕಾರ ಇವನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಲಿ. ಕುಡಿಯುವವರು ಕುಡಿಯಲಿ, ವಿರೋಧಿಸುವವರು ವಿರೋಧಿಸಲಿ. ಇಬ್ಬರೂ ಜಗಳವಾಡುವುದು ಒಂದೇ ಅಳತೆಯ ಮೇಲಿರಲಿ.