ಬಾಯಿ ಮುಚ್ಚಿಸುವ ಅಧಿಕಾರಕ್ಕೂ ಲೆಕ್ಕ ಇರಲಿ

ಒಂದು ಕಾಲೇಜೋ ಸಹಕಾರ ಬ್ಯಾಂಕೋ ವಾಟ್ಸ್‌ಆ್ಯಪ್ ಗುಂಪುಗಳನ್ನು ಬಿಟ್ಟು ತನ್ನದೇ ಚಾಟ್ ಸರ್ವರ್ ಇಟ್ಟುಕೊಳ್ಳಲು ಹೊರಟರೆ ಬೇಗನೆ ಒಂದು ತಕರಾರು ಏಳುತ್ತದೆ: ಕಪ್ಪು ಪರದೆಯ ಮುಂದೆ ಕೂತು ಇಂಗ್ಲಿಷ್ ಆಜ್ಞೆ ಟೈಪ್ ಮಾಡುವವರು ಯಾರು, ಮೌಸ್ ಒತ್ತಿದರೆ ಕೆಲಸವಾಗುವ ಪ್ಯಾನೆಲ್ ಇಲ್ಲವೇ? ಇದೆ. ಆದರೂ ಬಳಕೆದಾರರನ್ನು ಸೇರಿಸುವ, ತೆಗೆಯುವ, ತಡೆಯುವ ಕೆಲಸ ಕಮಾಂಡ್ ಲೈನ್‌ನಲ್ಲೇ ನಡೆಯಲಿ ಎಂದು ನಾನು ವಾದಿಸುತ್ತೇನೆ. ಸಹೋದ್ಯೋಗಿಯೊಬ್ಬರ ಬಾಯಿ ಮುಚ್ಚಿಸುವ ಅಧಿಕಾರ ಸಣ್ಣದೇನಲ್ಲ. ಅದನ್ನು ಚಲಾಯಿಸಿದ್ದು ಬರಹದಲ್ಲಿ ಉಳಿಯಬೇಕು.

ಇಜ್ಯಾಬರ್‌ಡಿ ಎಂಬ ಚಾಟ್ ಸರ್ವರನ್ನೇ ನೋಡಿ. ಅಲೆಕ್ಸಿ ಶ್ಚೆಪಿನ್ 2002ರಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶ ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಎರ್ಲಾಂಗ್ ಭಾಷೆಯಲ್ಲಿದೆ. ವಾಟ್ಸ್‌ಆ್ಯಪ್ ಕೂಡ ಆರಂಭದಲ್ಲಿ ಇದನ್ನೇ ತಿದ್ದಿ ಬಳಸಿತ್ತು. ಒಂದು ಖಾತೆಯನ್ನು ತಡೆಯಲು ಇದರಲ್ಲಿ 'ಬ್ಯಾನ್ ಅಕೌಂಟ್' ಎಂಬ ಆಜ್ಞೆಯಿದೆ. ಅದು ಬಳಕೆದಾರರ ಹೆಸರು ಮತ್ತು ಸರ್ವರ್ ಹೆಸರಿನ ಜೊತೆಗೆ ಕಾರಣವನ್ನೂ ಕೇಳುತ್ತದೆ. 'ಸುಮ್ಮನೆ' ಎಂದು ಬರೆದರೂ ಒಪ್ಪಿಕೊಳ್ಳುತ್ತದೆ ಎನ್ನಿ, ಆದರೆ ಹಾಗೆ ಬರೆದವರ ಗುರುತು ಉಳಿಯುತ್ತದೆ: ಲಿನಕ್ಸ್‌ನಲ್ಲಿ ಸುಡೊ ಎಂಬ ಸೌಲಭ್ಯದ ಮೂಲಕ ಆಜ್ಞೆ ಕೊಟ್ಟರೆ ಯಾರು, ಯಾವಾಗ, ಏನು ಟೈಪ್ ಮಾಡಿದರು ಎಂಬುದು ಸಿಸ್ಟಂ ಲಾಗ್‌ಗೆ ಇಳಿಯುತ್ತದೆ. ವರ್ಷದ ಮೊದಲಿಗೆ ಮುನ್ನೂರು ವಿದ್ಯಾರ್ಥಿಗಳನ್ನು ಸೇರಿಸಬೇಕಾದಾಗಲೂ ಹೆಸರುಪಟ್ಟಿಯ ಫೈಲ್ ಮತ್ತು ನಾಲ್ಕು ಸಾಲಿನ ಸ್ಕ್ರಿಪ್ಟ್ ಇದ್ದರಾಯಿತು. ಆ ಸಾಲುಗಳನ್ನು ಚಲಾಯಿಸುವ ಮೊದಲೇ ಇನ್ನೊಬ್ಬರು ಓದಿ ತಪ್ಪು ಹಿಡಿಯಬಹುದು. ಮೌಸ್ ಕ್ಲಿಕ್ಕುಗಳನ್ನು ಹಾಗೆ ಮೊದಲೇ ಪರಿಶೀಲಿಸಲು ಬರುವುದಿಲ್ಲ.

ಒಂದಂಕಿ ತಪ್ಪಿದರೆ ಅನಾಹುತವಲ್ಲವೇ ಎಂದರೆ, ಹೌದು. ಇಷ್ಟು ದಿನಗಳಿಂದ ಲಾಗಿನ್ ಆಗದವರನ್ನು ಅಳಿಸು ಎನ್ನುವ ಆಜ್ಞೆಯೂ ಇಜ್ಯಾಬರ್‌ಡಿಯಲ್ಲಿದೆ. 90ರ ಬದಲು 9 ಎಂದು ಒತ್ತಿದರೆ ದಸರಾ ರಜೆಗೆ ಊರಿಗೆ ಹೋದವರ ಖಾತೆಗಳೆಲ್ಲ ಗುಡಿಸಿಹೋಗುತ್ತವೆ. ದೊಡ್ಡವರೂ ಇದಕ್ಕೆ ಹೊರತಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದದ್ದು ನಿರ್ವಹಣೆಯ ವೇಳೆ ಕೊಟ್ಟ ಒಂದೇ ಆಜ್ಞೆಯಿಂದ. ಆದರೆ ಆ ಕಂಪನಿಯೇ ಕೊಟ್ಟ ವಿವರಣೆಯ ಮುಂದಿನ ಭಾಗವನ್ನೂ ಓದಬೇಕು: ಇಂಥ ಆಜ್ಞೆಗಳನ್ನು ತಡೆಯಲೆಂದು ಇಟ್ಟಿದ್ದ ತಪಾಸಣೆಯ ತಂತ್ರಾಂಶದಲ್ಲೇ ದೋಷವಿತ್ತು. ಅಂದರೆ ಕೆಟ್ಟಿದ್ದು ಕಾವಲು. ಸಣ್ಣ ಸಂಸ್ಥೆಯೂ ಅಳಿಸುವ ಆಜ್ಞೆಗಳನ್ನು ಎಲ್ಲರ ಕೈಗೆ ಕೊಡದೆ, ಅಳಿಸುವ ಮೊದಲು ಬ್ಯಾಕಪ್ ಕಡ್ಡಾಯ ಮಾಡಿದರೆ ಹಾನಿ ಮಿತಿಯಲ್ಲಿರುತ್ತದೆ. ಮತ್ತೆ, ಪ್ಯಾನೆಲ್‌ನಲ್ಲಿ 'ಖಚಿತವೇ?' ಎಂದು ಕೇಳಿದಾಗ ಓದಿ ಉತ್ತರಿಸುವವರು ಎಷ್ಟು ಜನ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆಜ್ಞೆ ಬಲ್ಲವರೊಬ್ಬರೇ ಇದ್ದರೆ ಅವರೇ ಪಾಳೇಗಾರರಾಗುತ್ತಾರೆ. ಯಾರು ಆನ್‌ಲೈನ್ ಇದ್ದಾರೆ, ಯಾವ ಐಪಿ ವಿಳಾಸದಿಂದ ಬಂದಿದ್ದಾರೆ ಎಂಬುದು ಅವರಿಗೆ ಕಾಣುತ್ತದೆ. ಬೇಕೆಂದರೆ ಯಾರ ಪಾಸ್‌ವರ್ಡನ್ನಾದರೂ ಬದಲಿಸಬಲ್ಲರು. ಇದನ್ನು ಅಲ್ಲಗಳೆಯಲಾಗದು, ಪ್ಯಾನೆಲ್ ಹಾಕಿದ ಮಾತ್ರಕ್ಕೆ ಈ ಅಧಿಕಾರ ಕರಗುವುದೂ ಇಲ್ಲ. ಲಾಗ್ ಕೂಡ ನಿಷ್ಪಾಪಿಯಲ್ಲ. ಇಜ್ಯಾಬರ್‌ಡಿಯಲ್ಲಿ ಹೊಸ ಖಾತೆ ತೆರೆಯುವ ಆಜ್ಞೆಯ ಸಾಲಿನಲ್ಲೇ ಪಾಸ್‌ವರ್ಡ್ ಬರೆದರೆ ಲಾಗ್‌ನಲ್ಲಿ ಅದೂ ಬಿದ್ದಿರುತ್ತದೆ. ಈ ವಿಷಯದಲ್ಲಿ ಪ್ರೊಸೊಡಿ ಎಂಬ ಇನ್ನೊಂದು ಸರ್ವರ್ ಜಾಣತನ ತೋರಿದೆ. ಪಾಸ್‌ವರ್ಡನ್ನು ಬೇರೆಯಾಗಿ, ಅಕ್ಷರ ಕಾಣದಂತೆ ಕೇಳಿ ಪಡೆಯುತ್ತದೆ. ಇಜ್ಯಾಬರ್‌ಡಿ ಬಳಸುವವರು ಮೊದಲ ಲಾಗಿನ್ ಆದಕೂಡಲೇ ಪಾಸ್‌ವರ್ಡ್ ಬದಲಿಸುವ ನಿಯಮ ಮಾಡಿಕೊಳ್ಳಬೇಕು. ಸರ್ವರ್‌ನ ಪೂರ್ಣ ಅಧಿಕಾರ ಇರುವವರು ಅದೇ ಯಂತ್ರದಲ್ಲಿರುವ ಲಾಗನ್ನೂ ಅಳಿಸಬಲ್ಲರು. ಆದ್ದರಿಂದ ಅದರ ಪ್ರತಿ ಆಗಿಂದಾಗಲೇ ಬೇರೊಂದು ಯಂತ್ರಕ್ಕೆ ಹೋಗಬೇಕು. ಆ ಯಂತ್ರದ ಕೀಲಿ ಲೆಕ್ಕಪತ್ರ ವಿಭಾಗದಲ್ಲಿರಲಿ, ಗ್ರಂಥಪಾಲಕರ ಬಳಿಯಾದರೂ ಇರಲಿ, ಸರ್ವರ್ ನೋಡಿಕೊಳ್ಳುವವರ ಕೈಯಲ್ಲಿ ಮಾತ್ರ ಬೇಡ.