ಬಳಸುವವರನ್ನು ಕಾಣದ ಗಣಕವಿದ್ಯೆ

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಗ್ರಾಮ ಆಡಳಿತಾಧಿಕಾರಿಗಳು, ಒಂದರ ಮೇಲೊಂದಾಗಿ ತಮ್ಮ ಮೇಲೆ ಹೇರಲ್ಪಟ್ಟ ಮೊಬೈಲ್ ಆ್ಯಪ್‌ಗಳ ಹೊರೆಯನ್ನು ಇಳಿಸಬೇಕೆಂದು ಮುಷ್ಕರ ಹೂಡಿದಾಗಲೂ, ಮರುವರ್ಷ ಸೆಪ್ಟೆಂಬರ್ 22ರಂದು ಮೊದಲಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಗಣತಿಗೆ ನಿಯುಕ್ತರಾದ ಶಿಕ್ಷಕರು ಕಂಡವರ ಮನೆಯ ಜಗುಲಿಯಲ್ಲಿ ಒಟಿಪಿಗಾಗಿ ಕಾದು ಕುಳಿತಾಗಲೂ, ನಾಡಿನ ಚರ್ಚೆಯೆಲ್ಲವೂ ಸರ್ವರಿನ ಸಾಮರ್ಥ್ಯ ಸಾಲದೋ ನೌಕರರ ಶ್ರದ್ಧೆ ಸಾಲದೋ ಎಂಬ ಎರಡು ಪ್ರಶ್ನೆಗಳಲ್ಲಿಯೇ ಮುಗಿದುಹೋಯಿತು. ಇಂತಹ ಆ್ಯಪ್‌ಗಳನ್ನು ರಚಿಸುವ ತರುಣ ಎಂಜಿನಿಯರಿಗೆ, ಇವನ್ನು ಹಿಡಿಯುವ ಕೈ ಎಂತಹುದು, ಓದುವ ಕಣ್ಣು ಎಷ್ಟು ವಯಸ್ಸಿನದು, ಆ ಮನುಷ್ಯನಿಗೆ ಇರುವ ಹೊತ್ತೆಷ್ಟು ಎಂಬುದನ್ನು ವಿಚಾರಿಸುವ ವಿದ್ಯೆಯನ್ನು ಯಾರಾದರೂ ಕಲಿಸಿದ್ದಾರೆಯೇ ಎಂದು ಕೇಳಿದವರು ವಿರಳ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಅದನ್ನು ಕಡ್ಡಾಯವಾಗಿ ಕಲಿಸುತ್ತಿಲ್ಲವೆಂದೂ, ಈ ಲೋಪವು ಸರ್ವರಿನ ಲೋಪಕ್ಕಿಂತ ಗುರುತರವಾದುದೆಂದೂ ನಾನು ದೃಢವಾಗಿ ನಂಬಿದ್ದೇನೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ರೈತನ ಕೈಗೆ 2020ರಲ್ಲಿ ಬಂದ ಬೆಳೆ ಸಮೀಕ್ಷೆಯ ಆ್ಯಪನ್ನೇ ನೋಡೋಣ. ತನ್ನ ಹೊಲದ ಬೆಳೆಯನ್ನು ತಾನೇ ದಾಖಲಿಸುವ ಅಧಿಕಾರವನ್ನು ರೈತನಿಗೆ ಕೊಟ್ಟ ಆ ಸಂಕಲ್ಪವು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಬೆಂಬಲ ಬೆಲೆಯ ಖರೀದಿ, ಬೆಳೆವಿಮೆ, ಬೆಳೆಹಾನಿಯ ಪರಿಹಾರ, ಇವೆಲ್ಲವೂ ಆ ದಾಖಲೆಯನ್ನೇ ಅವಲಂಬಿಸಿವೆ. ಆದರೆ ಮೊಬೈಲ್ ಸಂಖ್ಯೆಗೆ ಬಂದ ಒಟಿಪಿಯನ್ನು ನಮೂದಿಸಿ, ಹೋಬಳಿ ಗ್ರಾಮಗಳನ್ನು ಆರಿಸಿ, ಸರ್ವೆ ನಂಬರು ಹಿಸ್ಸಾಗಳನ್ನು ಹುಡುಕಿ, ಹೊಲದ ಗಡಿಯೊಳಗೆ ನಿಂತು ಬೆಳೆಯ ಚಿತ್ರ ತೆಗೆಯಬೇಕಾದವನು, ಕಿಕ್ಕೇರಿಯ ಕಡೆ ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬಿನ ಗದ್ದೆಯಿಂದ ಎದ್ದುಬಂದ, ಚಾಳೀಸಿನ ಕನ್ನಡಕವನ್ನು ಮನೆಯಲ್ಲಿಯೇ ಬಿಟ್ಟುಬಂದ, ಕೆಸರುಗೈಯ ಅರವತ್ತರ ಮುದುಕನಾಗಿರಬಹುದೆಂಬುದನ್ನು, ತಂಪು ಕೋಣೆಯಲ್ಲಿ ದೊಡ್ಡ ಮಾನಿಟರಿನ ಮುಂದೆ ಕುಳಿತು ಪ್ರೋಗ್ರಾಂ ಬರೆಯುವವನು ಊಹೆಯಿಂದ ತಿಳಿಯಲಾರನು. ನಾಗಮಂಗಲದ ಖುಷ್ಕಿಯಲ್ಲಿ ರಾಗಿಯ ನಡುವೆ ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಇರುತ್ತದೆಂಬುದನ್ನು ಕಣ್ಣಾರೆ ಕಂಡಿರದವನು 'ಬೆಳೆಯ ಹೆಸರು' ಎಂಬ ಒಂದು ಅಂಕಣವನ್ನು ಸರಿಯಾಗಿ ರಚಿಸುವುದಾದರೂ ಹೇಗೆ? ವಿಶ್ವೇಶ್ವರಯ್ಯ ನಾಲೆಯ ಬಯಲಿನ ಪಾಂಡವಪುರದವನ ಅಗತ್ಯವೂ ಆ ಖುಷ್ಕಿಯವನ ಅಗತ್ಯವೂ ಒಂದೇ ಅಲ್ಲ. ಇದನ್ನು ತಿಳಿಯಲು ಹೊಲಕ್ಕೆ ಹೋಗಬೇಕು, ಹೋಗಿ ಮೌನವಾಗಿ ನಿಂತು ನೋಡಬೇಕು. ಎಲ್ಲಿ ಬೆರಳು ತಡವರಿಸಿತು, ಯಾವ ಪದದ ಮುಂದೆ ಮುಖ ಸಪ್ಪಗಾಯಿತು ಎಂಬುದನ್ನು ಬರೆದುಕೊಳ್ಳಬೇಕು.

ಇದಕ್ಕೆ ಕೆಲವರ ಸಮಾಧಾನವೆಂದರೆ, ಜನರೇ ಕಾಲಕ್ಕೆ ತಕ್ಕಂತೆ ಕಲಿಯಬೇಕು, ಕಲಿಯಲಾರದವರಿಗೆ ಗ್ರಾಮ ಒನ್ ಕೇಂದ್ರವಿದೆ, ಪಕ್ಕದ ಮನೆಯ ಹುಡುಗನಿದ್ದಾನೆ ಎಂಬುದು. ಈ ಮಾತನ್ನು ನಾನು ಒಪ್ಪಲಾರೆ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇಕಡಾ 70ರಷ್ಟು. ಉಳಿದವರು ತಮ್ಮ ಒಟಿಪಿಯನ್ನೂ ಆಧಾರ್ ಸಂಖ್ಯೆಯನ್ನೂ ಪರರ ಕೈಗೆ ಒಪ್ಪಿಸಿ, ಏನು ತುಂಬಿದರೆಂದು ತಿಳಿಯದೆ ಹಿಂತಿರುಗುವುದನ್ನು ಸೌಕರ್ಯವೆಂದು ಕರೆಯುವುದು ನ್ಯಾಯವಲ್ಲ.

ಅಂಗವಿಕಲರ ವಿಷಯಕ್ಕೆ ಬಂದರೆ ಅನ್ಯಾಯವು ಇನ್ನೂ ಸ್ಪಷ್ಟವಾಗುತ್ತದೆ. ಅದೇ ಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಇವರಲ್ಲಿ ದೃಷ್ಟಿಹೀನನಾದವನು ಮೊಬೈಲನ್ನೂ ಗಣಕವನ್ನೂ ಸ್ಕ್ರೀನ್ ರೀಡರಿನ ಧ್ವನಿಯಿಂದ ಬಳಸಬಲ್ಲನು. ಎನ್‌ವಿಡಿಎ ಎಂಬ ತಂತ್ರಾಂಶವಂತೂ 2006ರಲ್ಲಿ ಆಸ್ಟ್ರೇಲಿಯದ ಇಬ್ಬರು ಅಂಧ ತರುಣರ ಶ್ರಮದಿಂದ ಹುಟ್ಟಿ ಜಗತ್ತಿಗೆಲ್ಲ ಉಚಿತವಾಗಿ ದೊರೆಯುತ್ತಿದೆ. ಆದರೆ ಗುಂಡಿಯೊಂದನ್ನು ಹೆಸರಿಲ್ಲದ ಚಿತ್ರವಾಗಿ ಇಟ್ಟರೆ ಆ ಧ್ವನಿಯು 'ಬಟನ್' ಎಂದಷ್ಟೇ ಹೇಳಿ ನಿಲ್ಲುತ್ತದೆ. ಆದೇಶದ ಕಾಗದವನ್ನು ಸ್ಕ್ಯಾನ್ ಮಾಡಿ ಹಾಗೆಯೇ ಏರಿಸಿದರೆ ಅದು ಮೌನವನ್ನೇ ಓದುತ್ತದೆ. ನಮ್ಮ ಕಚೇರಿಗಳಲ್ಲಿ ಬಹುಕಾಲ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕನ್ನಡವು ಅದಕ್ಕೆ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ಕೇಳಿಸಿತು. ಇವುಗಳಲ್ಲಿ ಯಾವುದೂ ಅಸಾಧ್ಯವಾದ ಸಮಸ್ಯೆಯಲ್ಲ. ಗುಂಡಿಗೆ ಹೆಸರು ಬರೆಯಲು ಒಂದು ಸಾಲು ಸಾಕು; ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಕನಿಷ್ಠ ವ್ಯತ್ಯಾಸವು 4.5ಕ್ಕೆ 1 ಎಂಬ ಅಂತಾರಾಷ್ಟ್ರೀಯ ಮಾನದಂಡವು 2008ರಿಂದಲೂ ಬಹಿರಂಗವಾಗಿದೆ.

ಕಾನೂನಾದರೂ ಮೌನವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾಹಿತಿ ತಂತ್ರಜ್ಞಾನದಲ್ಲಿ ಸಮಾನ ಪ್ರವೇಶವನ್ನು ವಿಧಿಸಿತು. ಆ ಕಾಯಿದೆಯ ನಿಯಮಗಳಲ್ಲಿ ಮಾನದಂಡಗಳನ್ನು ಬರಿಯ ಸಲಹೆಗಳಂತೆ ಇಟ್ಟುದು ಸಲ್ಲದೆಂದೂ ಕಡ್ಡಾಯವಾದವನ್ನು ಪ್ರತ್ಯೇಕಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ನಿರ್ಣಯಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳಿಗೆ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಂತರ್ಗತವೆಂದು ಸಾರಿತು. ದೇಶದ ಪರಮೋಚ್ಚ ನ್ಯಾಯಪೀಠವು ಮೂಲಭೂತ ಹಕ್ಕೆಂದು ಸಾರಿದ ಈ ಪ್ರವೇಶಕ್ಕೆ ಬೇಕಾದ ಯೂಸರ್ ಇಂಟರ್‌ಫೇಸ್ ವಿನ್ಯಾಸದ ಪಾಠವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಗಣಕ ವಿಜ್ಞಾನದ ಪಠ್ಯಕ್ರಮದಲ್ಲಿ ಐಚ್ಛಿಕಗಳ ಸಾಲಿನಲ್ಲಿತ್ತು. ಅದನ್ನು ಆರಿಸದೆಯೇ ಪದವಿ ಪಡೆಯಬಹುದಾಗಿತ್ತು.

ಪಠ್ಯಕ್ರಮವು ಈಗಾಗಲೇ ತುಂಬಿ ತುಳುಕುತ್ತಿದೆ, ಕೃತಕ ಬುದ್ಧಿಮತ್ತೆಗೇ ಎಡೆಯಿಲ್ಲದಿರುವಾಗ ಬಣ್ಣ ಬಳಿಯುವ ಕೆಲಸಕ್ಕೆ ಎಲ್ಲಿಯ ಎಡೆ ಎಂದು ವಾದಿಸುವ ಅಧ್ಯಾಪಕರಿಗೆ ನಾನು ನೆನಪಿಸಬಯಸುವುದು ನಾರ್ವೆಯ ಕ್ರಿಸ್ಟನ್ ನ್ಯೂಗೋರ್ ಎಂಬಾತನನ್ನು. ಓಲೆ ಯೋಹಾನ್ ದಾಲ್‌ನೊಡನೆ ಸಿಮ್ಯುಲಾ ಭಾಷೆಯನ್ನು ನಿರ್ಮಿಸಿ, ಇಂದು ನಮ್ಮ ವಿದ್ಯಾರ್ಥಿಗಳು ಜಾವಾದಲ್ಲಿ ಅಭ್ಯಾಸಮಾಡುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಂ ರಚನೆಗೆ ತಳಹದಿ ಹಾಕಿದ ಆ ಗಣಿತಜ್ಞನೇ, 1970ರ ದಶಕದ ಆರಂಭದಲ್ಲಿ ತನ್ನ ದೇಶದ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕುಳಿತು, ಕಾರ್ಖಾನೆಗೆ ಬರುವ ಗಣಕವು ಹೇಗಿರಬೇಕೆಂಬುದರಲ್ಲಿ ಕಾರ್ಮಿಕರಿಗೂ ಮಾತಿರಬೇಕೆಂದು ದುಡಿದನು. ಆತನ ಜೀವಿತದ ಒಂದರ್ಧವನ್ನು ನಾವು ಕಡ್ಡಾಯವಾಗಿ ಬೋಧಿಸುತ್ತೇವೆ, ಇನ್ನರ್ಧವನ್ನು ಹೇಳುವುದೇ ಇಲ್ಲ. ಗ್ರಾಮ ಆಡಳಿತಾಧಿಕಾರಿಗಳ ಮುಷ್ಕರವನ್ನು ಆ ಇನ್ನರ್ಧದ ಬೆಳಕಿನಲ್ಲಿ ನೋಡಿದ್ದರೆ, ಅದರಲ್ಲಿ ಶಿಸ್ತುಭಂಗಕ್ಕಿಂತ ಮಿಗಿಲಾಗಿ ಅಮೂಲ್ಯವಾದ ಪರೀಕ್ಷಾ ವರದಿಯೊಂದು ಕಾಣುತ್ತಿತ್ತು.

ಇದನ್ನು ಕಲಿಸಲು ಸಾಧನಗಳ ಕೊರತೆಯಂತೂ ಇಲ್ಲ. ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ತಾಂತ್ರಿಕ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 2018ರಲ್ಲಿ ಸ್ಥಾಪಿತವಾದ ಆದಿಚುಂಚನಗಿರಿ ವಿಶ್ವವಿದ್ಯಾಲಯವು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದ ಅಪ್ಪಣೆಗೆ ಕಾಯದೆ ತನ್ನ ಪಠ್ಯವನ್ನು ತಾನೇ ನಿರ್ಧರಿಸಬಲ್ಲುದು, ಮತ್ತು ಅದರ ಆವರಣದಲ್ಲಿಯೇ ಇರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಣ್ಣಿನ ಪೊರೆ ಬಂದ ಹಿರಿಯರು ಬರುತ್ತಾರೆ. ಪಾಂಡವಪುರದಲ್ಲಿ, ಮೇಲುಕೋಟೆ ಚಿನಕುರಳಿಗಳಲ್ಲಿ ಸರ್ಕಾರಿ ಕಚೇರಿಗಳ ಮುಂದೆ ಪಹಣಿಗೂ ಜಾತಿ ಆದಾಯ ಪತ್ರಗಳಿಗೂ ಜನ ನೆರೆಯುತ್ತಾರೆ. ಎರಡನೆಯ ವರ್ಷದ ಗಣಕ ವಿದ್ಯಾರ್ಥಿಯನ್ನು ಒಂದು ಸೆಮಿಸ್ಟರ್ ಪರ್ಯಂತ, ವಾರಕ್ಕೊಂದು ಅಪರಾಹ್ನ, ಇಂತಹ ಆಸ್ಪತ್ರೆ ಕಚೇರಿಗಳಿಗೆ ಕಳುಹಿಸತಕ್ಕದ್ದು. ಅವನು ರಚಿಸಿದುದನ್ನು ಐದಾರು ಮಂದಿ ಅವನ ನೆರವಿಲ್ಲದೆ ಬಳಸಿ ಮುಗಿಸಿದ ಹೊರತು ಅವನಿಗೆ ಅಂಕ ಸಲ್ಲತಕ್ಕದ್ದಲ್ಲ. ಆ ಐದಾರು ಮಂದಿಯಲ್ಲಿ ಒಬ್ಬರಾದರೂ ಕಣ್ಣು ಕಾಣದವರು, ಒಬ್ಬರಾದರೂ ಅರವತ್ತು ದಾಟಿದವರು ಇರತಕ್ಕದ್ದು. ಹೊರಗಿನಿಂದ ಬರುವ ಪರೀಕ್ಷಕನಿಗೆ ವಿಶ್ವವಿದ್ಯಾಲಯವು ಕೊಡುವ ಸಂಭಾವನೆ, ಪ್ರಯಾಣ ಭತ್ಯೆಗಳನ್ನು ಇವರಿಗೂ ಅದೇ ದರದಲ್ಲಿ ಸಲ್ಲಿಸತಕ್ಕದ್ದು.