ಹರಾಜಿನಲ್ಲಿ ರೇಟು ಉಂಟು, ಆಟಗಾರನ ಮಾತಿಗೆ ಜಾಗ ಎಲ್ಲಿ?



ಇವತ್ತಿನ ಬರಹ ಕಬಡ್ಡಿ ಬಗ್ಗೆ. "ಹೋರಾಟದವರಿಗೆ ಕಬಡ್ಡಿ ಯಾಕೆ ಮಾರಾಯ್ರೆ" ಅಂತ ಕೇಳುವವರು ದಯವಿಟ್ಟು ಕೊನೆವರೆಗೆ ಓದಿ, ಆಮೇಲೆ ಬೈಯಿರಿ.

ಮೊದಲು ನಮ್ಮ ಬೆಂಗಳೂರು ಬುಲ್ಸ್ ಕಥೆ. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದ್ದು ನೆನಪುಂಟಲ್ಲ? ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರದ್ದೇ 22 ಅಂಕ. ಆಮೇಲೆ 2022ರಲ್ಲಿ ಪವನ್ ಹರಾಜಿಗೆ ಹೋದರು. ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಇಡೀ ಸೀಸನ್ ಹೊರಗೆ. ಮುಂದಿನ ಹರಾಜಿನಲ್ಲಿ ತೆಲುಗು ಟೈಟನ್ಸ್ 2.605 ಕೋಟಿ ಸುರಿಯಿತು. ಆ ಸೀಸನ್‌ನಲ್ಲಿ ಟೈಟನ್ಸ್ ಬಂದದ್ದು ಕೊನೆಯ ಸ್ಥಾನಕ್ಕೆ. 2025ರಲ್ಲಿ ಅದೇ ಪವನ್ ರೇಟು 59.5 ಲಕ್ಷ.

ಪ್ರದೀಪ್ ನರ್ವಾಲ್‌ದು ಇನ್ನೂ ಬೇಜಾರಿನ ಕಥೆ. ಈ ಲೀಗಿನಲ್ಲಿ ಅತಿ ಹೆಚ್ಚು ರೈಡ್ ಅಂಕ ತೆಗೆದ 'ಡುಬ್ಕಿ ಕಿಂಗ್'. 2021ರಲ್ಲಿ ಯುಪಿ ಯೋಧಾ 1.65 ಕೋಟಿಗೆ ಕೊಂಡಿತ್ತು. 2024ರಲ್ಲಿ ನಮ್ಮ ಬುಲ್ಸ್ 70 ಲಕ್ಷಕ್ಕೆ ತಂತು, ನಾವೆಲ್ಲ ಕುಣಿದೆವು. ಆ ಸೀಸನ್‌ನಲ್ಲಿ ಬುಲ್ಸ್ 22 ಪಂದ್ಯದಲ್ಲಿ ಗೆದ್ದದ್ದು ಎರಡೇ ಎರಡು, ತಳದಲ್ಲಿ ಕೂತಿತು. 2025ರ ಹರಾಜಿನಲ್ಲಿ ಪ್ರದೀಪ್ ಹೆಸರು ಕೂಗಿದಾಗ ಒಂದು ತಂಡವೂ ಕೈ ಎತ್ತಲಿಲ್ಲ. ಅದರ ಬೆನ್ನಿಗೇ ನಿವೃತ್ತಿ.

ಇದರಿಂದ ಎರಡು ಮಾತು ಹೇಳ್ತೇನೆ.

ಒಂದು, ದುಬಾರಿ ಹೆಸರಿನಿಂದ ತಂಡ ಆಗುವುದಿಲ್ಲ. 2025ರಲ್ಲಿ ಬುಲ್ಸ್ ದೊಡ್ಡ ಹೆಸರುಗಳ ಹಿಂದೆ ಓಡದೆ, ನಮ್ಮವರೇ ಆದ ಬಿ.ಸಿ. ರಮೇಶ್ ಅವರನ್ನು ಕೋಚ್ ಮಾಡಿತು. ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳಿಗೆ ಕಪ್ ಗೆಲ್ಲಿಸಿದವರು. ಇರಾನಿನ ಅಲಿರೆಜಾ ಮಿರ್ಜಾಯನ್ ತಂಡವನ್ನು ಎತ್ತಿ ನಿಲ್ಲಿಸಿದರು. ತಳದಲ್ಲಿದ್ದ ತಂಡ ಲೀಗ್ ಹಂತದಲ್ಲಿ 3ನೇ ಸ್ಥಾನಕ್ಕೆ ಬಂತು. ಕಲಿಸುವವನು ಸರಿ ಇದ್ದರೆ ಕಡಿಮೆ ರೇಟಿನ ಹುಡುಗನೂ ಆಡ್ತಾನೆ. ಈ ಮಾತು ಕಬಡ್ಡಿಗೆ ಮಾತ್ರ ಅಂತ ನಾನಂತೂ ನಂಬುವುದಿಲ್ಲ.

ಎರಡು, ಇಷ್ಟೆಲ್ಲ ಕೊಟ್ಟು ತೆಗೆದುಕೊಳ್ಳುವಾಗ ಆಟಗಾರನ ಇಷ್ಟವನ್ನು ಕೇಳುವವರು ಯಾರು? ಹರಾಜನ್ನು ಜೀತಕ್ಕೆ ಹೋಲಿಸುವವರು ಇದ್ದಾರೆ. ನಾನು ಹೋಲಿಸುವುದಿಲ್ಲ. ಜೀತ ಅಂದ್ರೆ ಏನು ಅಂತ ನಮ್ಮ ಹಿರಿಯರ ಬೆನ್ನಿಗೆ ಗೊತ್ತು, ಆ ಶಬ್ದವನ್ನು ಹಗುರ ಮಾಡುವುದು ಬೇಡ. ಹಳ್ಳಿ ಹುಡುಗರು ಈ ದುಡ್ಡಿನಿಂದ ಮನೆ ಕಟ್ಟಿದ್ದರೆ ಸಂತೋಷ. ಆದರೆ ಎ, ಬಿ, ಸಿ, ಡಿ ಅಂತ ವಿಂಗಡಿಸಿ, 30 ಲಕ್ಷ, 20 ಲಕ್ಷ, 13 ಲಕ್ಷ, 9 ಲಕ್ಷ ಅಂತ ಮೂಲಬೆಲೆ ಹಚ್ಚಿ, ಕೊನೆಗೆ ಕೆಲವರನ್ನು "ಅನ್‌ಸೋಲ್ಡ್" ಅಂತ ಟಿವಿಯಲ್ಲಿ ತೋರಿಸುವುದು ಮನುಷ್ಯರಿಗೆ ಮಾಡುವ ಮರ್ಯಾದೆಯಾ? ನಾನು ಗುಮಾಸ್ತ. ಗ್ರೂಪ್ ಡಿ ಅಂತ ಕರೆಯುವಾಗ ಸ್ವರ ಹೇಗೆ ಬದಲಾಗ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊರಗಿನ ಒಂದು ಉದಾಹರಣೆ ನೋಡಿ. ಕೆನಡಾ, ಅಮೆರಿಕದಲ್ಲಿ ಮಂಜಿನ ಮೇಲೆ ಆಡುವ ಐಸ್ ಹಾಕಿ ಉಂಟು. 1988ರ ಆಗಸ್ಟ್ 9ರಂದು ಎಡ್ಮಂಟನ್ ತಂಡ ತನ್ನ ದೊಡ್ಡ ಆಟಗಾರ ವೇಯ್ನ್ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸಿಗೆ ಕೊಟ್ಟುಬಿಟ್ಟಿತು. ಆ ಒಪ್ಪಂದದಲ್ಲಿ 1.5 ಕೋಟಿ ಡಾಲರ್ ಕೈ ಬದಲಾಯಿತು. ಸರಕಾರ ಇದನ್ನು ತಡೆಯಬೇಕು ಅಂತ ಅಲ್ಲಿಯ ಸಂಸದರೊಬ್ಬರು ಕೇಳಿದ್ದರು! ಆದರೆ ಅಲ್ಲಿ ಆಟಗಾರರಿಗೆ ಸಂಘ ಉಂಟು. ಹಿರಿಯ ಆಟಗಾರರು "ನನ್ನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವ ಹಾಗಿಲ್ಲ" ಅಂತ ಕರಾರಿನಲ್ಲೇ ಬರೆಸಿಕೊಳ್ಳಬಹುದು. ಪ್ಲೇಆಫ್ ಕೂಡ ಏಳು ಪಂದ್ಯಗಳ ಸರಣಿ. ಮೂರು ಸೋತರೂ ನಾಲ್ಕು ಗೆದ್ದವನು ಮುಂದೆ ಹೋಗ್ತಾನೆ.

ನಮ್ಮಲ್ಲಿ? 18 ಲೀಗ್ ಪಂದ್ಯದ ಬೆವರು 40 ನಿಮಿಷದಲ್ಲಿ ಮುಗಿದುಹೋಗ್ತದೆ. 2025ರ ಪ್ಲೇಆಫ್‌ನಲ್ಲಿ ಮೊದಲ ನಾಲ್ಕು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶ, 5ರಿಂದ 8ರವರೆಗಿನವರಿಗೆ ಒಂದು ಸೋಲು ಅಂದ್ರೆ ಮನೆ. ಬುಲ್ಸ್‌ಗೆ ಆ ಎರಡನೇ ಅವಕಾಶ ಸಿಕ್ಕಿತ್ತು. ಟೈಟನ್ಸ್‌ಗೆ ಸೋತು, ಆಮೇಲೆ ಪಟ್ನಾಕ್ಕೂ ಸೋತು ಹೊರಬಿತ್ತು, ಅದರಲ್ಲಿ ತಕರಾರಿಲ್ಲ. ಆಡಿ ಸಂಪಾದಿಸಿದ ಎರಡನೇ ಅವಕಾಶ ನ್ಯಾಯವೇ. ಆದರೂ ಸೆಮಿ ಹಂತದಿಂದಾದರೂ ಮೂರು ಪಂದ್ಯಗಳ ಸರಣಿ ಬೇಕು ಅಂತ ನನ್ನ ಅಭಿಪ್ರಾಯ. ಒಂದು ಕೆಟ್ಟ ರಾತ್ರಿಯಲ್ಲಿ ಯಾರ ಯೋಗ್ಯತೆಯೂ ತೀರ್ಮಾನ ಆಗಬಾರದು.

ಈಗ ನಮ್ಮ ಊರಿಗೆ ಬನ್ನಿ. ಕರಾವಳಿ ಅಂದ್ರೆ ಕಬಡ್ಡಿ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2012ರ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್ ನಾಯಕನಾಗಿ 2022ರಲ್ಲಿ ಫೈನಲ್ ತನಕ ಹೋಗಿ ಒಂದೇ ಅಂಕದಿಂದ ಸೋತವರು. ಇಂಥವರೆಲ್ಲ ಬೆಳೆಯುವುದು ಊರಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ. ಅಲ್ಲಿ ನೋಡಿ, ಕಣ್ಣಿಗೆ ಬಿದ್ದು, ಕಾಲೇಜು ತಂಡ, ಜಿಲ್ಲಾ ತಂಡ, ಆಮೇಲೆ ಮೇಲೆ.

ಈಗ ಆ ಮೊದಲ ಮೆಟ್ಟಿಲಿಗೇ ಬಾಗಿಲು ಹಾಕುವ ಪದ್ಧತಿ ಬಂದಿದೆ. ಪ್ರೀಮಿಯರ್ ಲೀಗ್ ನೋಡಿ ಕಲಿತ ನಮ್ಮವರು ಕ್ರಿಕೆಟ್‌ಗೂ ಕಬಡ್ಡಿಗೂ ಊರಲ್ಲೇ ಹರಾಜು ಮಾಡ್ತಾರೆ. ಹಾಲ್ ಬುಕ್ ಮಾಡಿ, ಓನರ್, ಐಕಾನ್ ಪ್ಲೇಯರ್, ಜೆರ್ಸಿ ಬಿಡುಗಡೆ ಎಲ್ಲ ಉಂಟು. ಪೋಸ್ಟರಿನ ಕೆಳಗೆ ಒಂದು ಸಾಲು: "ಸಮಾಜ ಬಾಂಧವರಿಗೆ ಮಾತ್ರ". ಅಂದ್ರೆ ಒಂದು ಜಾತಿಗೆ ಮಾತ್ರ. ಕಾಲನಿಯ ಹುಡುಗ ಎಷ್ಟೇ ಒಳ್ಳೆ ರೈಡರ್ ಆಗಿರಲಿ, ಅವನು ಅಲ್ಲಿ ಅನ್‌ಸೋಲ್ಡ್ ಕೂಡ ಅಲ್ಲ. ಅವನ ಹೆಸರು ಪಟ್ಟಿಗೇ ಬರುವುದಿಲ್ಲ.

ಇದು ಹೊಸತೇನಲ್ಲ. ಹಿಂದೆ ಬಾಂಬೆಯಲ್ಲಿ ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ಅಂತ ತಂಡ ಮಾಡಿ ಕ್ರಿಕೆಟ್ ಆಡುತ್ತಿದ್ದರು. ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಪಳವಂಕರ್ ಬಾಳು ಹಿಂದೂ ತಂಡದ ದೊಡ್ಡ ಬೌಲರ್. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಚೆಂಡು ಅವರ ಕೈಯಿಂದ ಬೇಕಿತ್ತು, ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ತಂಡದ ನಾಯಕತ್ವ ಅವರಿಗೆ ಕೊಡಲೇ ಇಲ್ಲ. ಕೊನೆಗೆ 1923ರಲ್ಲಿ ಅವರ ತಮ್ಮ ವಿಠಲ ನಾಯಕನಾದರು. ಇದೇ ಬಾಳು 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧ ನಿಂತು ಸೋತವರು, ಅದೂ ಗೊತ್ತಿರಲಿ. ಆದರೆ ಮೈದಾನದಲ್ಲಿ ಅವರಿಗಾದ ಅನ್ಯಾಯ ಅದರಿಂದ ಸುಳ್ಳಾಗುವುದಿಲ್ಲ.

"ನಮ್ಮ ದುಡ್ಡು, ನಮ್ಮ ಸಮಾಜ, ನಿಮಗೇನು ನಷ್ಟ" ಅಂತ ಕೇಳ್ತಾರೆ. ನಿಮ್ಮ ಖಾಸಗಿ ಗದ್ದೆಯಲ್ಲಿ ಆಡಿದರೆ ನನ್ನ ತಕರಾರು ನೈತಿಕವಾದದ್ದು ಮಾತ್ರ. ಆದರೆ ಸರಕಾರಿ ಶಾಲೆಯ ಮೈದಾನ, ಪಾಲಿಕೆಯ ಮೈದಾನದಲ್ಲಿ ಆಡಿದರೆ? ಸಂವಿಧಾನದ 15(2)ನೇ ವಿಧಿ ಓದಿ. ಸರಕಾರದ ದುಡ್ಡಿನಿಂದ ನಡೆಯುವ ಕೆರೆ, ಬಾವಿ, ರಸ್ತೆ, ಸಾರ್ವಜನಿಕರು ಸೇರುವ ಜಾಗಗಳ ಬಳಕೆಗೆ ಜಾತಿಯ ಕಾರಣದಿಂದ ಯಾರಿಗೂ ತಡೆ ಹಾಕುವ ಹಾಗಿಲ್ಲ. ಮೈದಾನ ಇದರಲ್ಲಿ ಬರುವುದಿಲ್ಲ ಅಂತ ಯಾವ ಬಾಯಿಂದ ಹೇಳ್ತೀರಿ?

ನಮ್ಮವರಿಗೂ ಒಂದು ಮಾತು. ಎಪ್ರಿಲ್ 14ರ ಹೆಸರಲ್ಲಿ ಇಡುವ ಪಂದ್ಯಾಟಗಳಲ್ಲೂ "ನಮ್ಮವರಿಗೆ ಮಾತ್ರ" ಅಂತ ಬರೆದದ್ದು ನೋಡಿದ್ದೇನೆ. ಬೇರೆ ಕಡೆ ಸೇರಿಸುವುದಿಲ್ಲ, ನಮ್ಮ ಹುಡುಗರು ಎಲ್ಲಿ ಆಡುವುದು ಎಂಬ ನೋವು ನನಗೂ ಅರ್ಥ ಆಗ್ತದೆ. ಹೊರಗಿಟ್ಟವರ ಲೀಗೂ ಹೊರಗಿಡಲ್ಪಟ್ಟವರ ಲೀಗೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೂ ಬಾಬಾಸಾಹೇಬರ ಹೆಸರಿನ ಟ್ರೋಫಿ ಎಲ್ಲರಿಗೂ ಮುಕ್ತವಾಗಿರಲಿ. ಪ್ರತಿ ತಂಡದಲ್ಲಿ ಇಂತಿಷ್ಟು ಕಾಲನಿಯ ಹುಡುಗರು ಇರಬೇಕು ಅಂತ ನಿಯಮ ಹಾಕಿ. ಮೀಸಲಾತಿ ಬೇಡ ಅನ್ನುವವರು ನಮ್ಮ ಹುಡುಗನ ಪಕ್ಕದಲ್ಲಿ ಕೈ ಹಿಡಿದು ಚೈನ್ ಕಟ್ಟಲಿ. ಕೈ ಬಿಟ್ಟರೆ ರೈಡರ್ ದಾಟಿ ಹೋಗ್ತಾನೆ, ಅಷ್ಟೇ.

ನನ್ನ ಒತ್ತಾಯ ಇಷ್ಟು: ಸಾರ್ವಜನಿಕ ಮೈದಾನಕ್ಕೆ ಅನುಮತಿ ಕೊಡುವ ಪತ್ರದಲ್ಲಿ "ಜಾತಿ ಆಧಾರದ ಮೇಲೆ ಆಟಗಾರರನ್ನು ಹೊರಗಿಡುವಂತಿಲ್ಲ" ಎಂಬ ಒಂದು ಷರತ್ತು ಸೇರಿಸಿ. ಒಂದು ಸಾಲು ಟೈಪ್ ಮಾಡಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಗುಮಾಸ್ತನಾದ ನನಗೆ ಗೊತ್ತುಂಟು.

ನಿಮ್ಮ ಊರಿನಲ್ಲಿ ಅಂಥ ಪೋಸ್ಟರ್ ಕಂಡರೆ ಮೈದಾನ ಯಾರದ್ದು ಅಂತ ವಿಚಾರಿಸಿ, ಅರ್ಜಿ ಹಾಕಿ. ಒಟ್ಟಿಗೆ ಹೋಗುವ.

ಜೈ ಭೀಮ್.